ನಾಲ್ಕು ಜನರ ಚೀಲ

ಒಂಟಿಯಾಗಿರುವ ಮನುಷ್ಯ ಎಲ್ಲಿಗೆ ಬೇಕಾದರೂ ತಲೆ ಎತ್ತಿಕೊಂಡು ಹೋಗಬಹುದು, ದಿನಸಿ ಅಂಗಡಿಗೆ ಮಾತ್ರ ಆಗುವುದಿಲ್ಲ. ಬಸ್ಸಿನಲ್ಲಿ ಒಂದು ಸೀಟು ಕೇಳಿದರೆ ಯಾರೂ ನಗುವುದಿಲ್ಲ. ಸಿನಿಮಾಕ್ಕೆ ಒಂದೇ ಟಿಕೆಟ್ಟನ್ನೂ ಮರ್ಯಾದೆಯಿಂದ ಹರಿದು ಕೊಡುತ್ತಾರೆ. ಒಂದು ಈರುಳ್ಳಿ ಕೇಳಿ ನೋಡಿ. ಅಂಗಡಿಯವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ನಿಮ್ಮ ಚಪ್ಪಲಿ ನೋಡುತ್ತಾರೆ, ಕೊನೆಗೆ ನಿಮ್ಮ ಹಿಂದೆ ನಿಂತವರ ಮುಖ ನೋಡಿ ನಗುತ್ತಾರೆ.

ನನ್ನ ಕೆಲಸ ತಕ್ಕಡಿ ರಿಪೇರಿ. ತೂಕದ ಕಲ್ಲುಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಅಂಗಡಿಯಿಂದ ಅಂಗಡಿಗೆ ಅಲೆದು, ಯಾವ ಯಂತ್ರ ಎಷ್ಟು ಗ್ರಾಮು ಸುಳ್ಳು ಹೇಳುತ್ತಿದೆ ಎಂದು ಕಂಡುಹಿಡಿದು, ಅದರ ಹೊಟ್ಟೆ ಬಿಚ್ಚಿ ನಿಜ ಹೇಳುವುದನ್ನು ಕಲಿಸುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ನೀವು ನನ್ನನ್ನು ನೋಡಿ ನಗುವಾಗ ಇದು ಗೊತ್ತಿದ್ದರೆ ನಗು ಇನ್ನೂ ಸಲೀಸಾಗಿ ಬರುತ್ತದೆ.

ವಯಸ್ಸು ನಲವತ್ತೆಂಟು. ಮದುವೆಯಾಗಲಿಲ್ಲ. ಆಗಬಾರದೆಂಬ ಹಟವೇನೂ ಇರಲಿಲ್ಲ. ಅಮ್ಮ ಹಾಸಿಗೆ ಹಿಡಿದಿದ್ದಳು, ಅವಳು ಸ್ವಲ್ಪ ಸುಧಾರಿಸಲಿ ಎನ್ನುತ್ತ ಹದಿನೈದು ವರ್ಷ ಕಳೆಯಿತು. ಅಮ್ಮ ಹೋದಮೇಲೆ ಹಳೆಯ ಮನೆ ಖಾಲಿ ಮಾಡಿ, ಈ ಬೀದಿಯಲ್ಲಿ ಮಹಡಿಯ ಮೇಲಿನ ಒಂದು ಕೋಣೆ, ಒಂದು ಅಡುಗೆಮನೆಗೆ ಬಂದೆ. ಇಲ್ಲಿ ನಾನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಸುಳ್ಳು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ?

ಬೀದಿಯ ಮೂಲೆಯಲ್ಲಿ ದಿನಸಿ ಅಂಗಡಿ. ಗಲ್ಲಾದ ಹಿಂದೆ ಅಂಗಡಿಯಮ್ಮ. ಅವರದೊಂದು ಪದ್ಧತಿ ಇತ್ತು. ಗಿರಾಕಿ ತಂದ ಚೀಟಿಯನ್ನು ಅವರು ಗಟ್ಟಿಯಾಗಿ ಓದುತ್ತಿದ್ದರು. ಒಳಗಿನ ಗೋದಾಮಿನಲ್ಲಿ ಪೊಟ್ಟಣ ಕಟ್ಟುತ್ತಿದ್ದ ಅವರ ಗಂಡನಿಗೆ ಕೇಳಿಸಲಿ ಎಂದು. ಗಂಡನಿಗೆ ಕಿವಿ ಸ್ವಲ್ಪ ಮಂದ. ಹೀಗಾಗಿ ಶನಿವಾರ ಸಂಜೆ ಆರೂವರೆಯ ಹೊತ್ತಿಗೆ ಯಾರ ಮನೆಯಲ್ಲಿ ಎಣ್ಣೆ ಮುಗಿದಿದೆ, ಯಾರ ಮನೆಯಲ್ಲಿ ಹೊಟ್ಟೆ ಕೆಟ್ಟಿದೆ ಎಂಬುದು ಇಡೀ ಬೀದಿಗೆ ತಿಳಿದುಹೋಗುತ್ತಿತ್ತು.

ನನ್ನ ಮೊದಲ ಶನಿವಾರ ಅವರು ನನ್ನ ಚೀಟಿ ಓದಿದರು. "ಅಕ್ಕಿ ಅರ್ಧ ಕಿಲೋ! ಮೊಟ್ಟೆ ಎರಡು! ಟೊಮೆಟೊ ಮೂರು! ಈರುಳ್ಳಿ ಒಂದು!"

ಒಳಗಿನಿಂದ, "ಒಂದು ಕಿಲೋನಾ?"

"ಕಿಲೋ ಅಲ್ಲಾರೀ, ಒಂದು! ಒಂದೇ ಒಂದು ಈರುಳ್ಳಿ!"

"ಒಂದು ಚೀಲಾನಾ?"

ಸಾಲಿನಲ್ಲಿ ನಿಂತಿದ್ದ ಹನ್ನೆರಡು ಜನ ಕಿಸಕ್ಕನೆ ನಕ್ಕರು. ಅಂಗಡಿಯಮ್ಮ ಕನಿಕರದಿಂದ ನನ್ನ ಕಡೆ ತಿರುಗಿದರು. "ಮನೇಲಿ ಬೇರೆ ಯಾರೂ ಇಲ್ವಾ ಸಾರ್?"

ಇಲ್ಲ ಎನ್ನುವುದಕ್ಕೆ ಎರಡೇ ಅಕ್ಷರ. ಅದನ್ನು ಅಂದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ನನ್ನ ಈ ಸಂಕಟವೂ ಇರುತ್ತಿರಲಿಲ್ಲ. ಆದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಜಾತಿಯವನು ನಾನು. "ಇದಾರಲ್ಲ. ನಾಲ್ಕು ಜನ ಇದೀವಿ," ಎಂದುಬಿಟ್ಟೆ.

"ನಾಲ್ಕು ಜನಕ್ಕೆ ಒಂದು ಈರುಳ್ಳಿ?"

"ಅದು ಸ್ಯಾಂಪಲ್‌ಗೆ. ಚೆನ್ನಾಗಿದ್ರೆ ತಗೊಂಡು ಬನ್ನಿ ಅಂದಿದಾರೆ ನಮ್ಮ ಮನೆಯವರು."

"ನಮ್ಮ ಅಂಗಡಿ ಈರುಳ್ಳೀನ ಸ್ಯಾಂಪಲ್ ನೋಡ್ತಾರಾ ನಿಮ್ಮ ಮನೆಯವರು?" ಅಂಗಡಿಯಮ್ಮ ಸೆರಗಿಗೆ ಬೆಂಕಿ ಬಿದ್ದವರಂತೆ ಎದ್ದು ನಿಂತರು. ಅವರನ್ನು ಸಮಾಧಾನ ಮಾಡಲು ಎರಡು ಕಿಲೋ ಈರುಳ್ಳಿ ಕೊಳ್ಳಬೇಕಾಯಿತು. ಒಬ್ಬನೇ ಎರಡು ಕಿಲೋ ಈರುಳ್ಳಿ ತಿಂದರೆ ಏನಾಗುತ್ತದೆಂದು ಬರೆಯುವುದು ಸಭ್ಯತೆಯಲ್ಲ.

ಮುಂದಿನ ಶನಿವಾರ ಹೋದರೆ ಗಲ್ಲಾದ ಮೇಲೆ ಹೊಸ ಬೋರ್ಡು: ಕುಟುಂಬದ ವಾರದ ಚೀಲ. ಮನೆಯಲ್ಲಿ ಎಷ್ಟು ಜನ, ಯಾರು ಯಾರು ಎಂದು ಬರೆಸಿದರೆ ಸಾಕು. ವಾರಕ್ಕೆ ಬೇಕಾದ್ದೆಲ್ಲ ಒಂದೇ ಚೀಲದಲ್ಲಿ ಸಿದ್ಧ. ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ. ಮೂರು ಜನಕ್ಕಿಂತ ಕಡಿಮೆ ಇರುವವರಿಗೆ ಇಲ್ಲ.

"ನಿಮ್ಮಂಥ ಸಂಸಾರಸ್ಥರಿಗೇ ಮಾಡಿರೋದು," ಎಂದು ಅಂಗಡಿಯಮ್ಮ ಪೆನ್ನು ತೆಗೆದರು. "ನೀವು, ನಿಮ್ಮ ಮನೆಯವರು. ಮೂರನೇದು?"

"ಮಗ."

"ವಯಸ್ಸು?"

"ಹನ್ನೊಂದು."

"ಯಾವ ಕ್ಲಾಸು?"

"ಒಂಬತ್ತು."

"ಹನ್ನೊಂದಕ್ಕೇ ಒಂಬತ್ತನೇ ಕ್ಲಾಸಾ?"

"ಸ್ವಲ್ಪ ಬುದ್ಧಿವಂತ," ಎಂದೆ. ನನ್ನ ಮಗನ ಬಗ್ಗೆ ನನಗೆ ನಿಜವಾಗಿಯೂ ಹೆಮ್ಮೆಯಾಯಿತು.

"ನಾಲ್ಕನೇದು?"

ನಾಲ್ಕನೆಯದಕ್ಕೆ ನಾನು ಸಿದ್ಧವಾಗಿರಲಿಲ್ಲ. ಬಾಯಿಗೆ ಬಂದದ್ದು ಅತ್ತೆ. ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. "ಹೆಂಡ್ತಿ ತಾಯೀನ ಮನೇಲಿಟ್ಕೊಂಡು ನೋಡ್ಕೋತಿದಾರೆ ನೋಡಿ," ಎಂದು ಒಬ್ಬರು ತಮ್ಮ ಗಂಡನನ್ನು ತಿವಿದರು. ಅವತ್ತಿನಿಂದ ಸಾಲಿನಲ್ಲಿ ನನಗೆ ದಾರಿ ಬಿಡತೊಡಗಿದರು. ನಾನು ವಾಸವಿದ್ದ ಕಟ್ಟಡದ ಕೆಳಮನೆಯಲ್ಲಿ ಒಬ್ಬ ನಿವೃತ್ತ ಕೋರ್ಟ್ ಗುಮಾಸ್ತರಿದ್ದರು. ಮೂವತ್ತು ವರ್ಷ ಬೇರೆಯವರ ಜಗಳ ಬರೆದುಕೊಂಡು ಬದುಕಿದವರು, ಸುಲಭಕ್ಕೆ ಯಾರನ್ನೂ ಮೆಚ್ಚುವವರಲ್ಲ. ಅವರೇ ನನ್ನ ಭುಜ ತಟ್ಟಿ, "ಅತ್ತೇನ ಸಾಕೋದು ಅಂದ್ರೆ ಸಾಮಾನ್ಯಾನಾ!" ಎಂದರು. ಸುಳ್ಳು ಹೇಳುವುದಿಲ್ಲ, ನನಗೆ ಬಹಳ ಸುಖವಾಯಿತು.

ಸುಖಕ್ಕೆ ಬೆಲೆ ಇತ್ತು. ವಾರದ ಖರ್ಚು ಮೂರು ಪಟ್ಟಾಯಿತು. ಕಟ್ಟಿಕೊಂಡವರು ಮಾಡುವ ಖರ್ಚನ್ನೆಲ್ಲ ಕಟ್ಟಿಕೊಳ್ಳದವನೂ ಮಾಡತೊಡಗಿದೆ. ಅಕ್ಕಿ, ಬೇಳೆ, ಎಣ್ಣೆಯನ್ನು ಊರಿನ ಆ ತುದಿಯಲ್ಲಿದ್ದ ನನ್ನ ಅಕ್ಕನ ಮನೆಗೆ ಬಸ್ಸಿನಲ್ಲಿ ಹೊತ್ತು ಹಾಕಿದೆ. "ಆಫರ್‌ನಲ್ಲಿ ಸಿಕ್ತು" ಎಂದರೆ ಅವಳು ಮೂರು ವಾರ ನಂಬಿದಳು, ನಾಲ್ಕನೆಯ ವಾರ ಹುಬ್ಬೇರಿಸಿದಳು. ಆದರೆ ಚೀಲದಲ್ಲಿ ಬೇರೆ ಸಾಮಾನುಗಳೂ ಇರುತ್ತಿದ್ದವು. ಹೆಂಡತಿಗೆಂದು ಗಂಧದ ಸೋಪು, ಪೌಡರ್ ಡಬ್ಬಿ, ಕೂದಲಿನ ಕ್ಲಿಪ್ಪು. ಅತ್ತೆಗೆಂದು ಮಂಡಿನೋವಿನ ಮುಲಾಮು. ಮಗನಿಗೆಂದು ಬಣ್ಣದ ಪೆನ್ಸಿಲ್ಲು. ಇವನ್ನು ಅಕ್ಕನಿಗೆ ಕೊಡುವ ಹಾಗಿಲ್ಲ, ಬೀದಿಯ ಕಸಕ್ಕೆ ಎಸೆಯುವ ಹಾಗಿಲ್ಲ. ಎಲ್ಲ ನನ್ನ ಬೀರುವಿನ ಕೆಳಗಿನ ಅರೆಯಲ್ಲಿ ಪೇರಿಸಿಟ್ಟೆ.

ಈಗ ಲ್ಯಾಬಿನವರ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಮುಂದೂಡಿದ್ದು ಬೇಕೆಂದೇ.

ಬೀದಿಯ ಕೊನೆಯಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬು. ಅಲ್ಲಿ ರಕ್ತ ತೆಗೆಯುವ ಮಹಿಳೆ ನಮ್ಮ ಎದುರು ಕಟ್ಟಡದಲ್ಲಿ ಒಬ್ಬರೇ ಇದ್ದರು. ನನಗಿಂತ ಎರಡು ಮೂರು ವರ್ಷ ಚಿಕ್ಕವರಿರಬಹುದು. ಈ ಬೀದಿಗೆ ಬಂದ ಮೊದಲ ವಾರ, ಶನಿವಾರಕ್ಕೂ ಮುಂಚೆ, ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಿಸಲು ಅಲ್ಲಿಗೆ ಹೋಗಿದ್ದೆ. ಸಕ್ಕರೆ ಇರಲಿಲ್ಲ, ಆದರೆ ರಕ್ತ ನೋಡಿ ತಲೆ ತಿರುಗಿತ್ತು. ಅದಾದ ಮೇಲೆ ಶನಿವಾರ ಅಂಗಡಿಯಲ್ಲಿ ಕಾಣುತ್ತಿದ್ದರು. ಅವರು ಬರುವ ಹೊತ್ತು ಆರೂ ನಲವತ್ತು. ನಾನೂ ಆರೂ ನಲವತ್ತಕ್ಕೆ ಹೋಗಲು ಶುರುಮಾಡಿದೆ. ಅವರ ಚೀಟಿಯನ್ನು ಅಂಗಡಿಯಮ್ಮ ಕೂಗಿ ಓದುವಾಗ ಅವರಿಗೆ ಒಂದಿಷ್ಟೂ ಮುಜುಗರವಿರುತ್ತಿರಲಿಲ್ಲ. "ಕ್ಯಾರೆಟ್ ಎರಡು!" ಎಂದರೆ, "ಸಣ್ಣದು ಕೊಡಿ, ಒಬ್ಬಳಿಗೆ," ಎಂದು ತಾವೇ ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದರು. ಜನ ನಕ್ಕರೆ ಅವರೂ ನಗುತ್ತಿದ್ದರು. ನನಗೆ ಅವರು ಇಷ್ಟವಾಗಿದ್ದರು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ.

ಒಂದು ಶನಿವಾರ ಅವರು ಒಂದು ಎಲೆಕೋಸು ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಅವರ ಮುಂದೆ, ನಾಲ್ಕು ಜನರ ಚೀಲ ತಬ್ಬಿಕೊಂಡು.

"ಇದನ್ನ ಅರ್ಧ ಕೊಯ್ದು ಕೊಡ್ತೀರಾಮ್ಮ? ಪೂರ್ತಿ ತಗೊಂಡ್ರೆ ಶುಕ್ರವಾರದವರೆಗೂ ಕೋಸೇ ತಿನ್ಬೇಕು."

"ಉಳಿದರ್ಧ ಯಾರು ತಗೋತಾರೆ? ಕೊಯ್ಯಲ್ಲ," ಎಂದರು ಅಂಗಡಿಯಮ್ಮ.

ಲ್ಯಾಬಿನವರು ಸಾಲಿನ ಕಡೆ ತಿರುಗಿ ಕೇಳಿದರು. "ಇಲ್ಲಿ ಇನ್ಯಾರಾದ್ರೂ ಒಬ್ಬರೇ ಇರೋರು ಇದೀರಾ? ವಾರಾವಾರ ಹಂಚ್ಕೋಬಹುದು. ಕೋಸು, ಬ್ರೆಡ್ಡು, ಹಾಲು. ಇಬ್ಬರಿಗೂ ಉಳಿತಾಯ."

ಕೇಳುತ್ತ ಅವರ ಕಣ್ಣು ಮತ್ತೆ ಮುಂದಕ್ಕೆ ಬಂದು ನನ್ನ ಮೇಲೆ ನಿಂತಿತು. ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ. ಫ್ಯಾನಿನ ರೆಕ್ಕೆಗೆ ಎಷ್ಟು ಧೂಳು ಹಿಡಿದಿತ್ತೆಂದು ಇವತ್ತಿಗೂ ಹೇಳಬಲ್ಲೆ.

"ಅವರನ್ನ ಏನು ನೋಡ್ತೀರಿ?" ಅಂಗಡಿಯಮ್ಮ ನಕ್ಕರು. "ಅವರದು ತುಂಬಿದ ಸಂಸಾರ. ಹೆಂಡ್ತಿ, ಮಗ, ಅತ್ತೆ."

"ಹೌದಾ?" ಎಂದರು ಲ್ಯಾಬಿನವರು. "ಪುಣ್ಯವಂತರು." ಕೋಸನ್ನು ವಾಪಸ್ ರಾಶಿಯಲ್ಲಿಟ್ಟು ಹೋದರು.

ಅವತ್ತು ಮನೆಗೆ ಬಂದು ನನ್ನ ಹೆಂಡತಿಯ ಮೇಲೆ ನನಗೆ ಬಂದ ಸಿಟ್ಟು ಯಾವ ಗಂಡನಿಗೂ ಬಂದಿರಲಾರದು. ಅತ್ತೆ, ಮಗ, ಹೆಂಡತಿ ಎಲ್ಲರನ್ನೂ ಮನೆಯಿಂದ ಓಡಿಸಲೇಬೇಕೆಂದು ತೀರ್ಮಾನಿಸಿದೆ. ಒಮ್ಮೆಗೇ ಕಳಿಸಿದರೆ ಅನುಮಾನ ಬಂದೀತು. ವಾರಕ್ಕೊಬ್ಬರಂತೆ ಕಳಿಸುವ ಯೋಜನೆ ಹಾಕಿದೆ. ಬುದ್ಧಿವಂತ ಎಂದುಕೊಂಡವನ ಯೋಜನೆ.

ಮೊದಲ ಶನಿವಾರ, "ಅತ್ತೆಯವರು ಊರಿಗೆ ಹೋದ್ರು, ಮೂರು ಜನಕ್ಕೆ ಸಾಕು," ಎಂದೆ. ಎರಡನೆಯ ಶನಿವಾರ, "ಮಗ ಹಾಸ್ಟೆಲ್ ಸೇರ್ದ." ಅಂಗಡಿಯಮ್ಮ ಪೆನ್ನು ಕೆಳಗಿಟ್ಟರು. "ಇಬ್ಬರಿಗೆ ಚೀಲ ಬರಲ್ಲ ಸಾರ್. ಬಿಡಿಯಾಗಿ ತಗೊಳ್ಳಿ." ಮೂರನೆಯ ಶನಿವಾರ ನಾನು, "ಮನೆಯವರೂ ತವರಿಗೆ ಹೋದ್ರು," ಎಂದಾಗ ಇಡೀ ಸಾಲು ನನ್ನ ಕಡೆ ತಿರುಗಿತು. ಒಳಗಿನ ಕಿವಿಮಂದ ಯಜಮಾನರೂ ಹೊರಗೆ ಬಂದು ನನ್ನನ್ನು ಕೆಕ್ಕರಿಸಿ ನೋಡಿದರು. ಈ ಒಂದು ಮಾತು ಮಾತ್ರ ಅವರಿಗೆ ಮೊದಲ ಸಲಕ್ಕೇ ಕೇಳಿಸಿತ್ತು.

"ಮೊದಲು ತಾಯಿ ಹೋದ್ರು, ಆಮೇಲೆ ಮಗೂನ ಕಳಿಸಿದ್ರು, ಈಗ ಅವರೇ ಹೋದ್ರು," ಅಂಗಡಿಯಮ್ಮ ಒಂದೊಂದೇ ಬೆರಳು ಮಡಚಿದರು. "ಏನು ಮಾಡಿದ್ರಿ ಸಾರ್ ಅವರಿಗೆ?"

"ನಾನೇನೂ ಮಾಡಿಲ್ಲ!"

"ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಎಂದರು ಹಿಂದಿನಿಂದ ಕೋರ್ಟ್ ಗುಮಾಸ್ತರು. "ನಾನು ಕೆಳಗಡೆ ಮನೆಯವನು. ದಿನಾ ಬೆಳಗ್ಗೆ ಏಳು ಗಂಟೆಗೆ ಹೆಣ್ಣಿನ ಧ್ವನಿ ಕೇಳ್ಸುತ್ತೆ. ಹತ್ತು ನಿಮಿಷ ಒಂದೇ ಸಮ ಮಾತು. ಇವರದು ಒಂದೇ ಒಂದು ಉತ್ತರ ಇಲ್ಲ. ಹೆಂಡ್ತಿ ಅಷ್ಟು ಹೇಳ್ಕೊಂಡ್ರೂ ಬಾಯಿ ಬಿಡಲ್ಲ ಅಂದ್ರೆ ಎಂಥ ಕಲ್ಲುಹೃದಯ!"

"ಸ್ವಾಮಿ, ಅದು ರೇಡಿಯೋ ವಾರ್ತೆ!"

"ನಿಮ್ಮ ತಪ್ಪನ್ನ ವಾರ್ತೆ ಓದೋರ ಮೇಲೆ ಹಾಕ್ಬೇಡಿ."

ಇದೇ ಸಮಯ ನೋಡಿಕೊಂಡು ಮರುದಿನ ನನ್ನ ಅಕ್ಕ ಬಂದಳು. ಅಷ್ಟು ಅಕ್ಕಿ, ಬೇಳೆ ಎಲ್ಲಿಂದ ತರುತ್ತಿದ್ದಾನೆ, ಕಳ್ಳತನಕ್ಕೇನಾದರೂ ಇಳಿದನೋ ಎಂದು ನೋಡಲು ಬಂದವಳು, ಮನೆ ಎಲ್ಲಿ ಎಂದು ಅಂಗಡಿಯಲ್ಲೇ ಕೇಳಿದ್ದಾಳೆ. "ನೀವು ಅವರ ಅತ್ತೇನಾ?" ಎಂದರಂತೆ ಅಂಗಡಿಯಮ್ಮ. ಅಕ್ಕನಿಗೆ ಐವತ್ತಮೂರು. ಅವಳ ಸಿಟ್ಟಿಗೆ ಅದೊಂದೇ ಸಾಕಿತ್ತು. ಮೇಲಿಂದ ಹೆಂಡತಿ, ಮಗನ ವರದಿಯೂ ಸಿಕ್ಕಿತು. ಮಹಡಿ ಹತ್ತಿ ಬರುವ ಹೊತ್ತಿಗೆ ಅವಳು ಗೋಳಾಡುತ್ತಿದ್ದಳು. ಹಿಂದೆಯೇ ಗುಮಾಸ್ತರು, ಸಾಕ್ಷಿಗೆ.

"ಹನ್ನೊಂದು ವರ್ಷದ ಮಗ! ಅಮ್ಮ ಸಾಯೋವರೆಗೂ ನಿನ್ನ ಮದುವೆ, ನಿನ್ನ ಮದುವೆ ಅಂತ ಕೊರಗಿದ್ಲು. ಅವಳಿಗಾದ್ರೂ ಹೇಳ್ಬಾರ್ದಿತ್ತೇನೋ?"

"ಅಕ್ಕಾ, ಮದುವೇನೇ ಆಗಿಲ್ಲ."

"ಮದುವೇನೂ ಇಲ್ದೇನಾ!" ಎಂದು ಅವಳು ಕುಸಿದು ಕೂತಳು.

ಕೂತ ಜಾಗ ಬೀರುವಿನ ಮುಂದೆ. ಬಾಗಿಲು ಅರ್ಧ ತೆರೆದಿತ್ತು. ಅಕ್ಕ ಒಂದೊಂದನ್ನೇ ಹೊರತೆಗೆದಳು. ಒಂಬತ್ತು ಗಂಧದ ಸೋಪು, ಪೌಡರ್ ಡಬ್ಬಿಗಳು, ಮುಲಾಮು, ಬಣ್ಣದ ಪೆನ್ಸಿಲ್ಲು. ಗುಮಾಸ್ತರು ಕ್ಲಿಪ್ಪಿನ ಹಾಳೆಯನ್ನು ಎತ್ತಿ ಹಿಡಿದರು.

"ಇದು ಯಾರದು?"

"ನಂದು."

ಅವರು ನನ್ನ ಬೋಳುತಲೆಯನ್ನು ನೋಡಿದರು. ಏನೂ ಹೇಳಲಿಲ್ಲ. ಕೋರ್ಟಿನಲ್ಲಿ ಕೆಲಸ ಮಾಡಿದವರಿಗೆ ಎಲ್ಲಿ ಸುಮ್ಮನಿರಬೇಕೆಂದು ಗೊತ್ತಿರುತ್ತದೆ.

ಅಕ್ಕ ಹೋಗುವಾಗ, "ಆ ಹುಡುಗೀನ ಕರ್ಕೊಂಡು ಬಾ. ಅಲ್ಲಿವರೆಗೂ ನನ್ನ ಮನೆ ಬಾಗಿಲಿಗೆ ಬರ್ಬೇಡ," ಎಂದಳು. ಅಲ್ಲಿಗೆ ಇದ್ದ ಒಬ್ಬ ನಿಜವಾದ ಬಂಧುವೂ ಹೋದಂತಾಯಿತು.

ಸೋಮವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋದೆ. ಮತ್ತೆ ಸಕ್ಕರೆ ನೋಡಿಸಬೇಕು ಎಂದೆ. ಲ್ಯಾಬಿನವರು ತೋಳಿಗೆ ರಬ್ಬರ್ ಕಟ್ಟಿದರು.

"ಮುಷ್ಟಿ ಹಿಡೀರಿ. ಆ ಕಡೆ ನೋಡಿ."

ಆ ಕಡೆ ನೋಡುತ್ತ ಹೇಳಿದೆ. "ನಂಗೆ ಹೆಂಡ್ತಿ ಇಲ್ಲ. ಮಗ ಇಲ್ಲ, ಅತ್ತೆ ಇಲ್ಲ. ಎಲ್ಲ ಸುಳ್ಳು. ಒಂದು ಈರುಳ್ಳಿಗೆ ಜನ ನಕ್ಕರು ಅಂತ ಹೇಳಿದ್ದು."

"ಗೊತ್ತು," ಎಂದರು ಅವರು, ಸೂಜಿ ಚುಚ್ಚುತ್ತ.

"ಹೇಗೆ?"

"ಹೋದ ಸಲ ಇದೇ ಕುರ್ಚಿ ಮೇಲೆ ತಲೆ ತಿರುಗಿ ಬಿದ್ರಲ್ಲ, ಮನೇಲಿ ಯಾರಿಗೆ ಫೋನ್ ಮಾಡ್ಲಿ ಅಂತ ಕೇಳ್ದೆ. ಯಾರೂ ಇಲ್ಲ ಅಂದ್ರಿ. ನಿಮಗೆ ನೆನಪಿರಲ್ಲ, ಅರ್ಧ ಎಚ್ಚರದಲ್ಲಿದ್ರಿ."

"ಹಾಗಾದ್ರೆ ಅವತ್ತು ಕೋಸು..."

"ನಿಮ್ಮನ್ನೇ ಕೇಳಿದ್ದು. ನೀವು ಫ್ಯಾನ್ ನೋಡಿದ್ರಿ." ಅವರು ಸೂಜಿ ತೆಗೆದು ಹತ್ತಿ ಒತ್ತಿದರು. "ಸುಳ್ಳು ಹೇಳಿದ್ದಕ್ಕೆ ನಂಗೆ ಬೇಜಾರಿಲ್ಲ. ಒಬ್ಬರೇ ಇರೋದು ಅಷ್ಟು ನಾಚಿಕೆಗೇಡು ಅಂದ್ಕೊಂಡ್ರಲ್ಲ ನೀವು. ನಾನು ನಿಮ್ಮ ಹಿಂದೇನೇ ನಿಂತಿದ್ದೆ."

"ಈಗ ಹೇಳಿದೀನಲ್ಲ," ಎಂದೆ.

"ಹೇಳಿದ್ರಿ. ಬಾಗಿಲು ಹಾಕ್ಕೊಂಡು." ಅವರು ಸ್ವಲ್ಪ ನಕ್ಕರು. ಆ ನಗುವಿನಲ್ಲಿ ನನಗೆ ಇನ್ನೂ ಜಾಗವಿದ್ದಂತೆ ಕಂಡಿತು. "ಶನಿವಾರ ಅಂಗಡೀಲಿ ಹೇಳಿ ನೋಡೋಣ."

ಐದು ದಿನ ನಾನು ಅಭ್ಯಾಸ ಮಾಡಿದೆ. ಶನಿವಾರ ಆರೂ ನಲವತ್ತಕ್ಕೆ ಸಾಲು ಉದ್ದವಿತ್ತು, ಗುಮಾಸ್ತರೂ ಇದ್ದರು. ಲ್ಯಾಬಿನವರು ಒಂದು ಎಲೆಕೋಸು ಹಿಡಿದು ನನ್ನ ಮುಂದೆ ನಿಂತಿದ್ದರು. ನನಗಾಗಿಯೇ ಹಿಡಿದು ನಿಂತಿದ್ದರೆಂದು ಇವತ್ತಿಗೂ ನನ್ನ ನಂಬಿಕೆ. ನಾನು ಗಂಟಲು ಸರಿಮಾಡಿಕೊಂಡೆ. "ನಾನು ಒಬ್ಬನೇ ಇರೋದು. ನಂಗೆ ಯಾವತ್ತೂ ಹೆಂಡ್ತಿ ಇರ್ಲಿಲ್ಲ. ಆ ಕೋಸಲ್ಲಿ ಅರ್ಧ ನಂಗೆ ಕೊಡ್ತೀರಾ?"

ಅವರ ಮುಖ ಅರಳಿತು. ನಾನು ನೋಡಿದೆ, ಖಂಡಿತ ಅರಳಿತು. ಅಷ್ಟರಲ್ಲಿ ಅಂಗಡಿಯಮ್ಮ ಗಲ್ಲಾದ ಮುಚ್ಚಳ ದಢಾರನೆ ಮುಚ್ಚಿದರು.

"ಕಟ್ಕೊಂಡೋಳು ಹೋಗಿ ಎರಡು ವಾರ ಆಗಿಲ್ಲ, ಇರ್ಲೇ ಇಲ್ಲ ಅಂತೀರಲ್ಲ! ಅದೂ ಇನ್ನೊಬ್ಬ ಹೆಂಗಸಿನ ಮುಂದೆ!" ಅವರ ಕಣ್ಣು ನನ್ನಿಂದ ಲ್ಯಾಬಿನವರಿಗೆ, ಲ್ಯಾಬಿನವರಿಂದ ಕೋಸಿಗೆ ಇಳಿಯಿತು. "ಓಹೋ. ಇದಾ ವಿಷಯ. ಅವತ್ತೇ ಸಾಲಲ್ಲಿ ನಿಂತು ಯಾರಿದೀರಾ ಅಂತ ಕೇಳಿದ್ದು ಇವರೇ ಅಲ್ವಾ?"

"ಸೋಮವಾರ ಬೆಳಗ್ಗೆ ಇವರು ಲ್ಯಾಬಿಂದ ತೋಳು ಹಿಡ್ಕೊಂಡು ಬಂದದ್ದು ನಾನೇ ನೋಡಿದೀನಿ," ಎಂದರು ಗುಮಾಸ್ತರು. "ಎಷ್ಟು ದಿನದಿಂದ ಈ ಸಂಬಂಧ?"

"ಸಂಬಂಧ ಇಲ್ಲ ಸ್ವಾಮಿ!"

"ಹೆಂಡ್ತೀನೂ ಇಲ್ಲ, ಸಂಬಂಧಾನೂ ಇಲ್ಲ. ಹಾಗಾದ್ರೆ ಏನಿದೆ ನಿಮಗೆ?"

ಅವರ ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ಸರಿಯಾದ ಪ್ರಶ್ನೆಯನ್ನು ಅವರು ಕೇಳಿರಲಾರರು. "ಅಂಥ ಹುಡುಗನ್ನ ಹಾಸ್ಟೆಲ್‌ಗೆ ಹಾಕಿಸಿಬಿಟ್ಲಲ್ಲ," ಎಂದಿತು ಒಂದು ಧ್ವನಿ. "ಅದಕ್ಕೇ ಒಬ್ಬಳಿಗೆ, ಒಬ್ಬಳಿಗೆ ಅಂತ ಸಾರ್ತಾ ಇದ್ದದ್ದು," ಎಂದಿತು ಇನ್ನೊಂದು. ಎರಡು ಕ್ಯಾರೆಟ್ಟಿಗೆ ಜನ ನಕ್ಕರೆ ಜೊತೆಗೆ ತಾವೂ ನಗುತ್ತಿದ್ದ ಲ್ಯಾಬಿನವರ ಮುಖದಲ್ಲಿ ಈಗ ನಗುವಿರಲಿಲ್ಲ. ಕಿವಿ ಕೆಂಪಾಗಿತ್ತು. ಒಂದು ಈರುಳ್ಳಿ ಕೊಳ್ಳುವಾಗ ನನ್ನ ಕಿವಿ ಹಾಗೇ ಕೆಂಪಾಗಿತ್ತು. ಯಾವ ನಾಚಿಕೆಯನ್ನು ಅವರು ಜೀವಮಾನವಿಡೀ ಹತ್ತಿರ ಬಿಟ್ಟುಕೊಂಡಿರಲಿಲ್ಲವೋ ಅದನ್ನು ನಾನು ಅವರಿಗೆ ತಂದು ಅಂಟಿಸಿದ್ದೆ.

"ನಾನು ಕೇಳಿದ್ದು ಬರೀ ಅರ್ಧ ಕೋಸು," ಎಂದು ಅವರು ಸಣ್ಣ ಧ್ವನಿಯಲ್ಲಿ ಹೇಳಿದರು. ಕೋಸನ್ನು ಗಲ್ಲಾದ ಮೇಲಿಟ್ಟು, ಸಾಲು ದಾಟಿಕೊಂಡು ಹೊರಗೆ ಹೋದರು. ಜನ ದಾರಿ ಬಿಟ್ಟರು. ನಾನೂ ಬಿಟ್ಟೆ. ಓಡಿಹೋಗಿ ಜೊತೆಗೆ ನಡೆಯಬೇಕಿತ್ತು. ಓಡಿದರೆ ಜನ ಇನ್ನೇನು ಅಂದುಕೊಳ್ಳುತ್ತಾರೋ ಎಂದು ನಿಂತುಬಿಟ್ಟೆ. ಕೆಟ್ಟ ಮೇಲೂ ನನಗೆ ಬುದ್ಧಿ ಬರಲಿಲ್ಲ.

ಮುಂದಿನ ಶನಿವಾರ ಆರೂ ನಲವತ್ತಕ್ಕೆ ಅವರು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ತಿಂಗಳು ಕಳೆಯುವುದರೊಳಗೆ ಎದುರು ಕಟ್ಟಡದ ಕಿಟಕಿಗೆ ಬಾಡಿಗೆಗೆ ಇದೆ ಎಂಬ ಹಲಗೆ ಬಿತ್ತು. ಲ್ಯಾಬಿನಲ್ಲಿ ಈಗ ರಕ್ತ ತೆಗೆಯುವವರು ಬೇರೆ ಯಾರೋ.

ನಾನು ಈಗಲೂ ಅದೇ ಅಂಗಡಿಗೆ ಹೋಗುತ್ತೇನೆ. ಒಬ್ಬನಿಗೆ ಎಷ್ಟು ಬೇಕೋ ಅಷ್ಟೇ ಕೊಳ್ಳುತ್ತೇನೆ. ಅಂಗಡಿಯಮ್ಮ ನನ್ನ ಚೀಟಿಯನ್ನು ಈಗ ಕೂಗಿ ಓದುವುದಿಲ್ಲ, ತಾವೇ ಒಳಗೆ ಹೋಗಿ ತಂದುಕೊಡುತ್ತಾರೆ. ಸಿಟ್ಟು ಇಳಿದು ಮತ್ತೆ ಕನಿಕರ ಬಂದಿದೆ. ನನ್ನ ಹೆಂಡತಿ ಎಂದಾದರೂ ಮನಸ್ಸು ಬದಲಾಯಿಸಿಯಾಳು ಎಂದು ಇಡೀ ಬೀದಿ ಕಾಯುತ್ತಿದೆ.

ಹೋದ ಶನಿವಾರ ಪೊಟ್ಟಣ ಕೈಗೆ ಕೊಡುತ್ತ ಅಂಗಡಿಯಮ್ಮ ಮೆಲ್ಲಗೆ ಹೇಳಿದರು. "ಧೈರ್ಯವಾಗಿರಿ ಸಾರ್. ಹೆಣ್ಣಿನ ಮನಸ್ಸು, ಕರಗುತ್ತೆ. ಒಂದಲ್ಲ ಒಂದು ಶನಿವಾರ ಬಂದೇ ಬರ್ತಾರೆ."

"ಇಲ್ಲಮ್ಮ," ಎಂದೆ. "ಅವರು ಇನ್ನು ಬರಲ್ಲ."

ಸಾಲಿನಲ್ಲಿ ಯಾರೂ ನಗಲಿಲ್ಲ, ಯಾರೂ ತಿರುಗಿ ಪ್ರಶ್ನೆ ಕೇಳಲಿಲ್ಲ. ಆ ಅಂಗಡಿಯಲ್ಲಿ ನಾನು ನಿಜ ಹೇಳಿದಾಗ ಜನ ನಂಬಿದ್ದು ಅದೊಂದೇ ಸಲ.